ಮಳೆ ಸುರಿದರೂ ಪಟ್ಟಿ ಬಿಡದ ಪ್ರವಾಸ ಯಾರಿಗಾಗಿ?

ಆಷಾಢ ಹತ್ತಿರ ಬಂತೆಂದರೆ ನಮ್ಮ ಹಿರೇನಲ್ಲೂರು ಹೋಬಳಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಥರದ ಪೋಸ್ಟರ್ ಓಡಾಡುತ್ತದೆ. ‘ಮೂರು ಹಗಲು, ಎರಡು ರಾತ್ರಿ, ಹದಿನೈದು ಸ್ಥಳ, ಊಟ ತಿಂಡಿ ಸಮೇತ’. ಮೇಲೆ ಮುರುಡೇಶ್ವರದ ಶಿವ, ಕೆಳಗೆ ಗೋಕರ್ಣದ ಕಡಲು, ಹಿಂದೆ ಅಚ್ಚ ನೀಲಿ ಆಕಾಶ. ಆಷಾಢದಲ್ಲಿ ಕರಾವಳಿಯ ಆಕಾಶ ನೀಲಿ ಇರುವುದಿಲ್ಲ ಅನ್ನೋದು ಪೋಸ್ಟರ್ ಮಾಡಿದವರಿಗೂ ಗೊತ್ತು, ನೋಡುವ ನಮಗೂ ಗೊತ್ತು. ಆದರೂ ಅಡ್ವಾನ್ಸ್ ಕೊಡುತ್ತೇವೆ. ಕೊಡುವಾಗ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಮಳೆ ಹಿಡಿದರೆ ಏನು ಮಾಡ್ತೀರಿ?

ನಾವು ಈ ಬರಹದಲ್ಲಿ ಹೇಳುವುದು ಒಂದೇ ಮಾತು. ಗುಂಪು ಪ್ರವಾಸದಲ್ಲಿ ಮಳೆ ಹಿಡಿದ ದಿನ ಪಟ್ಟಿ ಸೋಲಬೇಕು, ಬಸ್ಸಿನಲ್ಲಿ ಕೂತ ಜನ ಗೆಲ್ಲಬೇಕು. ಈಗ ನಡೆಯುತ್ತಿರುವುದು ಉಲ್ಟಾ. ಜನ ನೆನೆಯುತ್ತಾರೆ, ಹಸಿಯುತ್ತಾರೆ, ಜ್ವರ ಹಿಡಿಸಿಕೊಳ್ಳುತ್ತಾರೆ. ಪಟ್ಟಿ ಮಾತ್ರ ಒದ್ದೆಯಾಗದೆ ಪೂರ್ತಿ ಮುಗಿಯುತ್ತದೆ.

ಆಷಾಢದಲ್ಲೇ ಯಾಕೆ ಹೊರಡುತ್ತೇವೆ?

ಮೊದಲು ಒಂದು ಮಾತು. ‘ಮಳೆಗಾಲದಲ್ಲಿ ಹಳ್ಳಿಯವರಿಗೆ ಯಾಕೆ ಬೇಕಿತ್ತು ಟೂರು’ ಎಂದು ಪೇಟೆಯಲ್ಲಿ ಕೂತು ನಗುವವರ ಸಾಲಿಗೆ ನಾವು ಸೇರುವುದಿಲ್ಲ. ನಮ್ಮ ಜನ ಆಷಾಢದಲ್ಲಿ ಹೊರಡುವುದಕ್ಕೆ ಲೆಕ್ಕಾಚಾರ ಇದೆ.

ಆಷಾಢದಲ್ಲಿ ಮದುವೆ ಇಲ್ಲ. ಮದುವೆ ಇಲ್ಲದಿದ್ದರೆ ಖಾಸಗಿ ಬಸ್ಸುಗಳಿಗೆ ಬಾಡಿಗೆ ಇಲ್ಲ. ಬಸ್ಸು ಸುಮ್ಮನೆ ನಿಲ್ಲುವ ಬದಲು ಕಡಿಮೆ ದರಕ್ಕೆ ಸಿಗುತ್ತದೆ. ಕರಾವಳಿಯ ಲಾಡ್ಜುಗಳಿಗೂ ಅದು ಗಿರಾಕಿ ಇಲ್ಲದ ಕಾಲ, ಅಲ್ಲೂ ರೇಟು ಇಳಿದಿರುತ್ತದೆ. ಡಿಸೆಂಬರ್‌ನಲ್ಲಿ ಕೈಗೆಟುಕದ ಪ್ರವಾಸ ಜುಲೈನಲ್ಲಿ ಎಟುಕುತ್ತದೆ. ವರ್ಷವಿಡೀ ವಾರಕ್ಕಿಷ್ಟು ಎಂದು ಸಂಘದಲ್ಲಿ ಕಟ್ಟಿದ ದುಡ್ಡಿನಲ್ಲಿ ಹೆಂಗಸರು ಹೊರಡುವುದು ಆಗಲೇ. ಇನ್ನು 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ, ಬಾಡಿಗೆ ಬಸ್ಸು ಬೇಡ ಎನ್ನುವವರು ಸರ್ಕಾರಿ ಬಸ್ಸಿನಲ್ಲೇ ನಾಲ್ಕೈದು ಮನೆಯವರು ಒಟ್ಟಾಗಿ ಧರ್ಮಸ್ಥಳ, ಉಡುಪಿ, ಕೊಲ್ಲೂರು ಸುತ್ತಿ ಬರುತ್ತಾರೆ. ಆ ಯೋಜನೆ ಶುರುವಾದದ್ದೂ ಮಳೆಗಾಲದ ಬಾಗಿಲಲ್ಲೇ.

ಅರವತ್ತು ವರ್ಷಕ್ಕೆ ಮೊದಲ ಸಲ ಕಡಲು ನೋಡುವ ಅಜ್ಜಿಗೆ ‘ನವೆಂಬರ್‌ವರೆಗೆ ಕಾಯಿ’ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಹೋಗಬೇಕು. ಮಳೆಯಲ್ಲೂ ಹೋಗಬೇಕು. ನಮ್ಮ ಜಗಳ ಹೋಗುವುದರ ಬಗ್ಗೆ ಅಲ್ಲ, ಕರೆದುಕೊಂಡು ಹೋಗುವ ರೀತಿಯ ಬಗ್ಗೆ.

ಒಂದು ದಿನದ ಲೆಕ್ಕ

ಇಂಥದ್ದೊಂದು ಬಸ್ಸಿನಲ್ಲಿ ನಾವೂ ಹೋಗಿ ಬಂದಿದ್ದೇವೆ. ವರದಿಗೆ ಅಂತ ಹೋದದ್ದಲ್ಲ, ಮನೆಯವರ ಜೊತೆ ದುಡ್ಡು ಕೊಟ್ಟು ಹೋದದ್ದು. ಬಸ್ಸಿನವರ ಹೆಸರು ಇಲ್ಲಿ ಬೇಡ. ಹೆಸರು ಬದಲಾಯಿಸಿದರೂ ಕಥೆ ಬದಲಾಗುವುದಿಲ್ಲ ಎಂದು ಹೋಗಿ ಬಂದವರಿಗೆಲ್ಲ ಗೊತ್ತು.

ಎರಡನೇ ದಿನದ ಪಟ್ಟಿ ಹೀಗಿತ್ತು: ಬೆಳಿಗ್ಗೆ ಉಡುಪಿ ಕೃಷ್ಣ ಮಠ, ಆಮೇಲೆ ಮಲ್ಪೆ, ಮರವಂತೆ, ಕೊಲ್ಲೂರು, ಮುರುಡೇಶ್ವರ, ಇಡಗುಂಜಿ, ಅಪ್ಸರಕೊಂಡ, ರಾತ್ರಿಗೆ ಗೋಕರ್ಣ. ಆಗುಂಬೆ ಘಾಟಿ ಇಳಿಯುವಾಗ ಹಿಡಿದ ಮಳೆ ಬೆಳಗಾದರೂ ಬಿಟ್ಟಿರಲಿಲ್ಲ.

ಬೆಳಗಿನ ಜಾವ ಎಬ್ಬಿಸಿದರು. ರಾತ್ರಿ ಮಲಗಿದ್ದು ಒಂದು ಹಾಲ್‌ನಲ್ಲಿ. ಅದನ್ನು ಆರೂವರೆಗೆ ಖಾಲಿ ಮಾಡಬೇಕಿತ್ತು. ಇಲ್ಲಿಂದಲೇ ಮಳೆಯ ದಿನದ ನಿಜವಾದ ಕಷ್ಟ ಶುರು. ಹಾಲ್ ಬಿಟ್ಟ ಗಳಿಗೆಯಿಂದ ರಾತ್ರಿ ಗೋಕರ್ಣ ಸೇರುವ ತನಕ ನಲವತ್ತು ಚಿಲ್ಲರೆ ಜನಕ್ಕೆ ಸೂರು ಅಂತ ಇರುವುದು ಬಸ್ಸೊಂದೇ. ಬಟ್ಟೆ ಬದಲಾಯಿಸಲು ಜಾಗವಿಲ್ಲ. ಒದ್ದೆ ಬಟ್ಟೆ ಹರವಲು ಜಾಗವಿಲ್ಲ. ಒಣ ಸೀರೆ ಇರುವ ಬ್ಯಾಗು ಡಿಕ್ಕಿಯಲ್ಲಿ, ಡಿಕ್ಕಿ ತೆರೆದರೆ ಅದರೊಳಗೂ ನೀರು.

ಮಲ್ಪೆಯಲ್ಲಿ ದಡಕ್ಕೆ ಕೆಂಪು ಬಾವುಟ. ದ್ವೀಪಕ್ಕೆ ದೋಣಿ ಇಲ್ಲ, ಮಳೆಗಾಲ ಮುಗಿಯುವ ತನಕ ಇರುವುದೂ ಇಲ್ಲ. ಪೋಸ್ಟರಿನಲ್ಲಿ ಮಾತ್ರ ದ್ವೀಪದ ಚಿತ್ರ ಇತ್ತು. ಮರವಂತೆಯಲ್ಲಿ ಹತ್ತು ನಿಮಿಷ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ನೋಡಲೇಬೇಕಾದ ಜಾಗ ಅದು. ಆದರೆ ಅಲ್ಲಿ ಮಳೆ ಮೇಲಿನಿಂದ ಬೀಳುತ್ತಿರಲಿಲ್ಲ, ಕಡಲ ಕಡೆಯಿಂದ ಅಡ್ಡ ಬೀಸುತ್ತಿತ್ತು. ನಮ್ಮೂರ ಸಂತೆಯಲ್ಲಿ ಕೊಂಡ ಕೊಡೆಗಳು ಹೂವಿನ ಹಾಗೆ ಮೇಲ್ಮುಖವಾಗಿ ಅರಳಿಕೊಂಡವು. ಮಕ್ಕಳು ನಕ್ಕರು. ಹೆಂಗಸರು ಸೀರೆ ಹಿಂಡುತ್ತಾ ಬಸ್ಸು ಹತ್ತಿದರು. ಕೊಲ್ಲೂರಿನಲ್ಲಿ ಸಾಲಿನಲ್ಲಿ ನಿಂತು ದರ್ಶನ ಆಯಿತು. ಆ ದಿನ ಎಲ್ಲರೂ ಸಮಾಧಾನದಿಂದ ನೋಡಿದ್ದು ಅದೊಂದೇ, ಯಾಕೆಂದರೆ ಅಲ್ಲಿ ತಲೆಯ ಮೇಲೆ ಮಾಡು ಇತ್ತು.

ಮುರುಡೇಶ್ವರ ತಲುಪುವಾಗ ಮಧ್ಯಾಹ್ನ ದಾಟಿತ್ತು. 123 ಅಡಿಯ ಶಿವನ ಮುಖ ಮಳೆಯ ಪರದೆಯಲ್ಲಿ ಮುಚ್ಚಿಹೋಗಿತ್ತು. ಊಟಕ್ಕೆ ಜಾಗ ಸಿಗದೆ ಬಸ್ಸಿನೊಳಗೇ ತಟ್ಟೆ ಹಿಡಿದರು. ಆಗ ಒಂದು ವಿಷಯ ಗೊತ್ತಾಯಿತು. ಹಿಂದಿನ ಸೀಟುಗಳಲ್ಲಿ ಕೂತ ಹೆಂಗಸರು ಬೆಳಗಿನಿಂದ ನೀರೇ ಕುಡಿದಿರಲಿಲ್ಲ. ಹೊರಗೆ ಧೋ ಎಂದು ನೀರು ಸುರಿಯುತ್ತಿರುವಾಗ ಒಳಗೆ ಬಾಯಾರಿ ಕೂತಿದ್ದರು. ಕಾರಣ ಕೇಳಬೇಕಿಲ್ಲ. ಬಸ್ಸು ಶೌಚಾಲಯ ಇರುವ ಕಡೆ ನಿಲ್ಲುವುದು ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಒದ್ದೆ ಸೀರೆಯ ಚಳಿಗೆ ಆ ಅವಸರ ಹೆಚ್ಚಾಗುತ್ತದೆ ಎಂದು ಗೊತ್ತಿದ್ದೇ ಅವರು ಬಾಯಿ ಕಟ್ಟಿದ್ದರು.

ಹೊತ್ತು ಇಳಿಯುವಾಗ ಒಬ್ಬ ವಯಸ್ಸಾದವರಿಗೆ ಮೈ ಸುಡಲು ಶುರುವಾಯಿತು. ‘ಇಡಗುಂಜಿ, ಅಪ್ಸರಕೊಂಡ ಬಿಟ್ಟುಬಿಡಿ, ಸೀದಾ ರೂಮಿಗೆ ಹೋಗಾಣ’ ಎಂದು ಕೆಲವರು ಕೇಳಿದರು. ಬಂದ ಉತ್ತರ ಇದು: ‘ಪಟ್ಟೀಲಿ ಇರೋದು ತೋರಿಸ್ಲಿಲ್ಲ ಅಂದ್ರೆ ನಾಳೆ ನೀವೇ ದುಡ್ಡು ವಾಪಸ್ ಕೇಳ್ತೀರಿ’. ಮುಂದಿನ ಸೀಟಿನಿಂದ ಇನ್ನೊಬ್ಬರು ದನಿ ಸೇರಿಸಿದರು: ‘ದುಡ್ಡು ಕೊಟ್ಟೀವಿ, ಎಲ್ಲಾ ನೋಡ್ಬೇಕು’. ಬಸ್ಸಿನೊಳಗೇ ಎರಡು ಪಕ್ಷ ಆಯಿತು. ಪಟ್ಟಿ ಗೆದ್ದಿತು. ಅಪ್ಸರಕೊಂಡದಲ್ಲಿ ಇಳಿದವರು ನಾಲ್ಕು ಜನ. ಗೋಕರ್ಣ ಸೇರುವಾಗ ಆ ದಿನದ ದರ್ಶನವೇ ಮುಗಿದಿತ್ತು.

ಲೆಕ್ಕ ಹಾಕಿ ನೋಡಿ. ಪಟ್ಟಿಯ ಪ್ರಕಾರ ಆ ದಿನ ಎಂಟು ಸ್ಥಳ ಆಯಿತು. ಕಣ್ಣಿಗೆ ದಕ್ಕಿದ್ದು ಎರಡು, ಉಡುಪಿ ಮತ್ತು ಕೊಲ್ಲೂರು. ಮಿಕ್ಕ ಆರು ಸ್ಥಳಕ್ಕೆ ಡೀಸೆಲ್ ಸುಟ್ಟಿದ್ದು ಯಾರಿಗಾಗಿ?

ಕರಾವಳಿಯವರೇ ಒಳಗೆ ಕೂರುವ ಕಾಲ

ಕಡಲನ್ನು ನಮಗಿಂತ ಚೆನ್ನಾಗಿ ಬಲ್ಲವರು ಮಳೆಗಾಲದಲ್ಲಿ ಏನು ಮಾಡುತ್ತಾರೆ ನೋಡೋಣ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲು ಕೆರಳುವ ಕಾಲ ಎರಡೂ ಅದೇ. ಮಲ್ಪೆಯಂಥ ದೊಡ್ಡ ಬಂದರಿನಲ್ಲಿ ಸಾಲು ಸಾಲು ಬೋಟುಗಳು ಕಟ್ಟಿ ನಿಂತಿರುತ್ತವೆ. ಹುಟ್ಟಿದಾಗಿನಿಂದ ಅಲೆಯ ಮೇಲೆ ಬೆಳೆದವರು, ಅನ್ನವೇ ಕಡಲಿನಿಂದ ಬರುವವರು, ಎರಡು ತಿಂಗಳು ಬಲೆ ನೇಯುತ್ತಾ ದಡದಲ್ಲಿ ಇರುತ್ತಾರೆ.

ಯಕ್ಷಗಾನ ನೋಡಿ. ಮೇ ತಿಂಗಳ ಕೊನೆಗೆ ಪತ್ತನಾಜೆ ಬಂದರೆ ತೆಂಕುತಿಟ್ಟಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಬಯಲಾಟ ನಿಲ್ಲುತ್ತದೆ. ಆಟ ಪೂರ್ತಿ ನಿಲ್ಲುತ್ತದೆಯೇ? ಇಲ್ಲ. ಕೆಲವೇ ಕಲಾವಿದರ ಚಿಕ್ಕಮೇಳ ಕಟ್ಟಿಕೊಂಡು ಮನೆ ಮನೆಗೆ ಹೋಗಿ ಚಾವಡಿಯಲ್ಲಿ ಗಳಿಗೆ ಹೊತ್ತು ಕುಣಿಯುತ್ತಾರೆ. ಬಯಲಲ್ಲಿ ಆಡುವುದನ್ನು ಮಾಡಿನ ಕೆಳಗೆ ತಂದುಕೊಂಡರು, ಅಷ್ಟೇ.

ಕಟ್ಟಡಗಳೂ ಇದನ್ನೇ ಹೇಳುತ್ತವೆ. ತರೀಕೆರೆ ಹತ್ತಿರದ ಅಮೃತಾಪುರದ ಹೊಯ್ಸಳ ದೇವಸ್ಥಾನ ನೋಡಿ, 1196ರದು. ಅದರ ಮುಂದಿನ ಮಂಟಪ ತೆರೆದ ಮಂಟಪ. ಅದೇ ಮೂಡುಬಿದಿರೆಗೆ ಹೋಗಿ 1430ರ ಸಾವಿರ ಕಂಬದ ಬಸದಿ ನೋಡಿ. ಮೇಲಿಂದ ಮೇಲೆ ಇಳಿಜಾರು ಮಾಡು, ಸುತ್ತ ಕಂಬಗಳ ಸಾಲು, ಎಷ್ಟೇ ಸುರಿದರೂ ಒಳಗೆ ನಿಂತವರು ಒಣಗಿರುತ್ತಾರೆ. ಅಲ್ಲಿಯ ಮಳೆ ಎಂಥದ್ದು ಎಂದು ತಿಳಿಯಲು ಅಲ್ಲಿಯ ಮಾಡು ನೋಡಿದರೆ ಸಾಕು.

ಮೀನುಗಾರರಿಗೆ ಮಳೆಗಾಲ ಇದೆ, ಮೇಳಕ್ಕೆ ಮಳೆಗಾಲ ಇದೆ, ಕಲ್ಲಿನ ಬಸದಿಗೂ ಮಳೆಗಾಲ ಇದೆ. ನಮ್ಮ ಬಸ್ಸಿನ ಪಟ್ಟಿಗೆ ಮಾತ್ರ ಜನವರಿಯೂ ಒಂದೇ, ಜುಲೈಯೂ ಒಂದೇ.

ಹಾಗಾದರೆ ಮಳೆಯ ದಿನಕ್ಕೆ ಬೇರೆ ಪಟ್ಟಿ ಮಾಡಲು ಸಾಧ್ಯವಿಲ್ಲವೇ? ಸಾಧ್ಯ. ಮೂಡುಬಿದಿರೆಯ ಬಸದಿಯಲ್ಲಿ ಎರಡು ಗಂಟೆ ಕೂತು ಕಂಬ ಕಂಬ ನೋಡಬಹುದು. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಬೇರೆ ಬೇರೆ ಊರಿನ ಹಳೆಯ ಮನೆಗಳನ್ನು ತಂದು ಮರಳಿ ಕಟ್ಟಿದ್ದಾರೆ, ಅದನ್ನು ನೋಡಬಹುದು. ಕೋಟದಲ್ಲಿ ಶಿವರಾಮ ಕಾರಂತರ ಹೆಸರಿನ ಥೀಮ್ ಪಾರ್ಕ್ ಇದೆ. ದೊಡ್ಡ ದೇವಸ್ಥಾನಗಳಲ್ಲಿ ಊಟಕ್ಕೆ ಛಾವಣಿ ಇದೆ. ಎಂಟರ ಬದಲು ಮೂರು ಸ್ಥಳ, ಪೂರ್ತಿಯಾಗಿ, ಒಣ ಬಟ್ಟೆಯಲ್ಲಿ. ಕಡಲನ್ನೂ ನೋಡಬಹುದು, ದೂರದಿಂದ, ಒಂದು ಮಾಡಿನ ಕೆಳಗೆ ಬಿಸಿ ಚಹಾ ಹಿಡಿದು. ಕೆರಳಿದ ಕಡಲನ್ನು ಹಾಗೆ ನೋಡುವುದು ಸಣ್ಣ ಭಾಗ್ಯವೇನಲ್ಲ.

ನಮ್ಮ ಮಳೆ ಬೇರೆ, ಅವರ ಮಳೆ ಬೇರೆ

ಬಯಲುಸೀಮೆಯ ನಮಗೆ ಮಳೆ ಅಂದರೆ ಖುಷಿ. ಕಡೂರು ಕಡೆ ವರ್ಷಕ್ಕೆಲ್ಲ ಸೇರಿ 600 ಮಿಲಿಮೀಟರ್ ಆಸುಪಾಸು ಮಳೆ. ಅದೂ ಎಷ್ಟೋ ವರ್ಷ ಕೈಕೊಡುತ್ತದೆ. ತೆಂಗು ಒಣಗಿದ್ದು, ಕೊಳವೆಬಾವಿ ಬತ್ತಿದ್ದು ನೋಡಿದವರು ನಾವು. ಮಳೆ ಬಂದರೆ ಮನೆಯಿಂದ ಹೊರಗೆ ಬಂದು ನಿಲ್ಲುವ ಜನ. ಮಳೆಗೆ ಹೆದರುವುದು ನಮ್ಮ ಮೈಯಲ್ಲೇ ಇಲ್ಲ.

ಉಡುಪಿ ಜಿಲ್ಲೆಯಲ್ಲಿ ವರ್ಷದ ಮಳೆ 4000 ಮಿಲಿಮೀಟರ್ ಆಸುಪಾಸು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ, 204.4ಕ್ಕಿಂತ ಹೆಚ್ಚಾದರೆ ಅತ್ಯಂತ ಭಾರೀ. ಈ ಕೊನೆಯ ಥರದ ಮಳೆ ಕರಾವಳಿಯಲ್ಲಿ ಮೂರು ದಿನ ಸುರಿದರೆ ಸಾಕು, ನಮ್ಮ ಕಡೂರಿನ ಒಂದು ವರ್ಷದ ಮಳೆ ಮುಗಿಯಿತು. ‘ರೆಡ್ ಅಲರ್ಟ್’ ಎಂದು ಟಿವಿಯಲ್ಲಿ ಓಡುವ ಪದಕ್ಕೆ ಅರ್ಥ ಇದು. ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕ್ರಮ ತೆಗೆದುಕೊಳ್ಳಿ. ಶಾಲೆಗೆ ರಜೆ ಕೊಡುವ ಮಳೆಯಲ್ಲಿ ಪ್ರವಾಸದ ಬಸ್ಸಿಗೆ ಯಾಕೆ ರಜೆ ಇಲ್ಲ?

ಎರಡು ಘಟನೆ ನೆನಪಿಸುತ್ತೇವೆ. ಎರಡೂ 2024ರದು.

ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬ, ಅಲ್ಲಿ ಲಾರಿ ನಿಲ್ಲಿಸಿದ್ದ ಚಾಲಕರು ಮಣ್ಣಿನಡಿ, ಗಂಗಾವಳಿ ನದಿಯಡಿ ಹೋದರು. ಒಂದು ಲಾರಿ ನದಿಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಯ ವಾರ, ಎರಡು ತಿಂಗಳ ಮೇಲೆ. ಆ ಜಾಗ ಗೋಕರ್ಣಕ್ಕೆ ಹೋಗುವವರಿಗೆ ದೂರವಲ್ಲ. ಹೆದ್ದಾರಿ ಅಗಲ ಮಾಡಲು ಗುಡ್ಡ ಕಡಿದ ರೀತಿಯ ಬಗ್ಗೆ ಆಗ ದೊಡ್ಡ ಪ್ರಶ್ನೆಗಳೆದ್ದವು. ನಮ್ಮ ಪಾಲಿಗೆ ಅದರಲ್ಲಿ ಇನ್ನೊಂದು ಪಾಠ ಇದೆ. ಆ ಬೆಳಿಗ್ಗೆ ಅಲ್ಲಿದ್ದವರು ಸಾಹಸಕ್ಕೆ ಹೊರಟವರಲ್ಲ. ದಿನವೂ ಬಂಡಿ ನಿಲ್ಲುವ ಜಾಗದಲ್ಲಿ ನಿಂತು ಚಹಾ ಕುಡಿಯುತ್ತಿದ್ದವರು. ಅಂಥ ಮಳೆಯಲ್ಲಿ ಬಸ್ಸನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಿಲ್ಲಿಸಬಾರದು ಎಂಬುದೇ ಜೀವದ ಪ್ರಶ್ನೆ.

ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ಹೆಣ್ಣುಮಕ್ಕಳು ಕಡಲಿನ ಪಾಲಾದರು. ಶಾಲಾ ಪ್ರವಾಸಕ್ಕೆ ಬಂದವರು. ಅದು ಮಳೆಗಾಲವೂ ಅಲ್ಲ. ಕೋಲಾರವೂ ನಮ್ಮ ಹಾಗೆ ಬಯಲುಸೀಮೆ, ಕೆರೆ ನೋಡಿ ಬೆಳೆದ ಮಕ್ಕಳ ಜಿಲ್ಲೆ. ಕೆರೆಯ ನೀರು ನಿಂತಲ್ಲೇ ನಿಲ್ಲುತ್ತದೆ. ಕಡಲ ನೀರು ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಇದನ್ನು ನಮ್ಮ ಮಕ್ಕಳಿಗೆ ಬಸ್ಸು ಇಳಿಯುವ ಮುಂಚೆ ಯಾರಾದರೂ ಹೇಳಬೇಕು. ಹದಿನೈದು ಸ್ಥಳದ ಅವಸರದಲ್ಲಿ ಅದನ್ನು ಹೇಳುವವರು ಯಾರು? ಒಳ್ಳೆಯ ಹವೆಯಲ್ಲೇ ಹೀಗಾದರೆ ಜುಲೈನಲ್ಲಿ ಮಕ್ಕಳನ್ನು ಅಲೆಯ ಮುಂದೆ ಹತ್ತು ನಿಮಿಷಕ್ಕೆ ಬಿಡುವವರು ಏನು ನಂಬಿಕೊಂಡು ಬಿಡುತ್ತಾರೆ?

ನಮ್ಮ ಬೆಟ್ಟಕ್ಕೆ ಬಂದವರಿಗೆ ಒಂದು ನ್ಯಾಯ, ನಮಗೊಂದು ನ್ಯಾಯವೇ?

ಮಳೆಗಾಲದ ಶನಿವಾರ ಭಾನುವಾರ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಕಾರುಗಳ ಸಾಲು ನೋಡಿ ನಾವು ಏನು ಹೇಳುತ್ತೇವೆ? ‘ಈ ಬೆಂಗಳೂರಿನವರಿಗೆ ಬುದ್ಧಿ ಇಲ್ಲ, ಮಂಜಿನಲ್ಲಿ ಏನು ಕಾಣುತ್ತೆ ಅಂತ ಬರ್ತಾರೆ’. ಕಲ್ಲತ್ತಗಿರಿಯಲ್ಲಿ ನೀರು ಏರಿ ಕೆಂಪಾಗಿ ಸುರಿಯುವಾಗ ಬಂಡೆ ಹತ್ತುವ ಹುಡುಗರನ್ನು ಬೈಯುತ್ತೇವೆ. ಸ್ಥಳೀಯರ ಮಾತು ಕೇಳಲ್ಲ ಅನ್ನುತ್ತೇವೆ. ಸರಿಯಾದ ಮಾತು.

ಹಾಗಿದ್ದರೆ ಘಾಟಿ ಇಳಿದ ಮೇಲೆ ಸ್ಥಳೀಯರು ಅವರು, ಹೊರಗಿನವರು ನಾವು. ದಡದಲ್ಲಿ ಸೀಟಿ ಊದುವ ಜೀವರಕ್ಷಕ, ‘ಇವತ್ತು ಆ ಕಡೆ ಹೋಗ್ಬೇಡಿ’ ಎನ್ನುವ ಅಂಗಡಿಯವರು, ಮಂಜಿನಲ್ಲಿ ನಿಧಾನ ಹೋಗಿ ಎನ್ನುವ ಚೆಕ್‌ಪೋಸ್ಟಿನವರು, ಇವರ ಮಾತಿಗೆ ಪಟ್ಟಿಗಿಂತ ಹೆಚ್ಚು ಬೆಲೆ ಇರಬೇಕು. ನಮ್ಮ ಬೆಟ್ಟದಲ್ಲಿ ನಾವು ಕೇಳುವ ಮರ್ಯಾದೆಯನ್ನು ಅವರ ಕಡಲಿಗೂ ಕೊಡಬೇಕು.

ಏಜೆಂಟ್ ಮಾತಿನಲ್ಲಿ ಅರ್ಧ ಸತ್ಯ

ಬಸ್ಸು ಮಾಡಿಸುವವರನ್ನು ನಾವು ಖಳನಾಯಕರು ಎನ್ನುವುದಿಲ್ಲ. ಇವರಲ್ಲಿ ಬಹಳ ಜನ ನಮ್ಮ ನಿಮ್ಮ ಹುಡುಗರೇ. ಬಸ್ಸಿನ ಬಾಡಿಗೆ, ಡೀಸೆಲ್, ಅಡುಗೆಯವರ ಕೂಲಿ, ಲಾಡ್ಜಿನ ಮುಂಗಡ ಕಳೆದು ಉಳಿಯುವುದು ಸ್ವಲ್ಪ. ‘ಸ್ಥಳ ಬಿಟ್ಟರೆ ನೀವೇ ದುಡ್ಡು ವಾಪಸ್ ಕೇಳ್ತೀರಿ’ ಎಂಬ ಅವರ ಭಯ ಸುಳ್ಳಲ್ಲ. ಹಾಗೆ ಕೇಳಿದವರು ಇದ್ದಾರೆ. ಊರಿಗೆ ಬಂದು ‘ಅವನು ಎರಡು ಜಾಗ ನುಂಗಿದ’ ಎಂದು ಹೇಳಿಕೊಂಡು ತಿರುಗಿದವರೂ ಇದ್ದಾರೆ. ಮುಂದಿನ ವರ್ಷದ ಗಿರಾಕಿ ಹೋಗುತ್ತದೆ ಎಂದು ಅವರು ಮಳೆಯಲ್ಲೂ ಓಡಿಸುತ್ತಾರೆ.

ಆದರೆ ಈ ಭಯವನ್ನು ಹುಟ್ಟಿಸಿದ್ದು ಅವರದೇ ಪೋಸ್ಟರ್. ಸ್ಥಳದ ಸಂಖ್ಯೆಯನ್ನೇ ಮಾಲು ಮಾಡಿ ಮಾರಿದರೆ ಗಿರಾಕಿ ಸಂಖ್ಯೆಯನ್ನೇ ಎಣಿಸುತ್ತಾನೆ. ಒಬ್ಬರು ಹತ್ತು ಅಂದರೆ ಇನ್ನೊಬ್ಬರು ಹನ್ನೆರಡು, ಮತ್ತೊಬ್ಬರು ಹದಿನೈದು. ದರ ಅದೇ, ಬಸ್ಸು ಅದೇ, ಹಗಲು ಅಷ್ಟೇ. ಸ್ಥಳ ಹೆಚ್ಚಿದಷ್ಟೂ ನಮಗೆ ಸಿಗುವುದು ಸೀಟಿನಲ್ಲಿ ಕೂರುವ ಹೊತ್ತು. ನಾವೂ ಎಣಿಸುವುದನ್ನು ನಿಲ್ಲಿಸಬೇಕು, ಅವರೂ ಎಣಿಸಿ ಮಾರುವುದನ್ನು ನಿಲ್ಲಿಸಬೇಕು. ಮೊದಲ ಹೆಜ್ಜೆ ದುಡ್ಡು ಕೊಡುವವರದು, ಯಾಕೆಂದರೆ ಮಾರುಕಟ್ಟೆ ಕೇಳುವುದು ದುಡ್ಡಿನ ಮಾತನ್ನು.

ಇನ್ನೊಂದು ವಿಷಯವನ್ನೂ ಹೇಳಬೇಕು. ದೊಡ್ಡ ರೆಸಾರ್ಟುಗಳು ‘ಮಾನ್ಸೂನ್ ಪ್ಯಾಕೇಜ್’ ಎಂದು ಜಾಹೀರಾತು ಕೊಡುತ್ತವೆ. ಅಲ್ಲಿ ಉಳಿಯುವವರಿಗೂ ಮಳೆ ಬೀಳುತ್ತದೆ. ಆದರೆ ಅವರಿಗೆ ಮಧ್ಯಾಹ್ನ ಮರಳಲು ಕೋಣೆ ಇದೆ, ಒಣ ಟವೆಲ್ ಇದೆ, ಬಚ್ಚಲಿದೆ. ಅದಕ್ಕೇ ಅವರಿಗೆ ಮಳೆ ನೋಡುವ ವಸ್ತು. ನಮ್ಮ ಬಸ್ಸಿನ ಹೆಂಗಸರಿಗೆ ಅದೇ ಮಳೆ ಹದಿನಾಲ್ಕು ಗಂಟೆಯ ಒದ್ದೆ ಸೀರೆ. ವ್ಯತ್ಯಾಸ ಇರುವುದು ಮಧ್ಯಾಹ್ನದ ಎರಡು ಗಂಟೆಯ ಒಂದು ಸೂರಿನಲ್ಲಿ. ನಲವತ್ತು ಜನ ಹಂಚಿಕೊಂಡರೆ ಒಂದು ಹಾಲ್‌ನ ಅರ್ಧ ದಿನದ ಬಾಡಿಗೆ ತಲೆಗೆ ಎಷ್ಟು ಬಿದ್ದೀತು? ಪ್ರಸಾದ, ಸರ, ಬೊಂಬೆಗೆ ಖರ್ಚು ಮಾಡುವುದಕ್ಕಿಂತ ಹೆಚ್ಚಾಗುವುದಿಲ್ಲ.

ಕಾನೂನು ಇದೆ, ಕೇಳುವವರಿಲ್ಲ

ಯುರೋಪಿನಲ್ಲಿ ಏಡ್ರಿಯಾಟಿಕ್ ಎಂಬ ಕಡಲಿದೆ. ಇಟಲಿಯ ಪೂರ್ವ ದಡ, ಎದುರಿಗೆ ಸ್ಲೊವೇನಿಯಾ, ಕ್ರೊವೇಷಿಯಾ. ಅಲ್ಲೂ ನಮ್ಮ ಹಾಗೇ ಗುಂಪು ಗುಂಪಾಗಿ ಬಸ್ಸಿನಲ್ಲಿ ಕಡಲ ದಾರಿಯ ಊರುಗಳನ್ನು ನೋಡುತ್ತಾ ಹೋಗುತ್ತಾರೆ, ಅಲ್ಲೂ ಮಳೆ ಹಿಡಿಯುತ್ತದೆ. ಆದರೆ ಈ ಮೂರೂ ದೇಶಗಳು ಯುರೋಪಿಯನ್ ಒಕ್ಕೂಟದಲ್ಲಿವೆ. ಒಕ್ಕೂಟ 2015ರಲ್ಲಿ ಪ್ಯಾಕೇಜ್ ಪ್ರವಾಸಕ್ಕೆ ಅಂತಲೇ ನಿಯಮ ಮಾಡಿತು, 2018ರ ಜುಲೈಯಿಂದ ಅದು ಅನ್ವಯವಾಗುತ್ತಿದೆ. ಹೋಗುವ ಊರಿನಲ್ಲಿ ತಪ್ಪಿಸಲಾಗದ ಅಸಾಧಾರಣ ಸ್ಥಿತಿ ಬಂದು ಪ್ರವಾಸಕ್ಕೆ ದೊಡ್ಡ ಅಡ್ಡಿಯಾದರೆ, ಹೊರಡುವ ಮುಂಚೆ ದಂಡವಿಲ್ಲದೆ ರದ್ದು ಮಾಡಿ ದುಡ್ಡು ವಾಪಸ್ ಪಡೆಯುವ ಹಕ್ಕು ಪ್ರಯಾಣಿಕನಿಗಿದೆ. ಹೇಳಿದ ಸೇವೆ ಕೊಡದಿದ್ದರೆ ಅಷ್ಟಕ್ಕೆ ಬೆಲೆ ಕಡಿಮೆ ಮಾಡಬೇಕು. ಸಾಮಾನ್ಯ ಮಳೆಗೆ ಇದು ಅನ್ವಯಿಸುವುದಿಲ್ಲ, ನಿಜ. ಆದರೆ ಜಗಳ ಬಂದಾಗ ಇಬ್ಬರಿಗೂ ಕೈಯಲ್ಲಿ ಹಿಡಿದು ತೋರಿಸಲು ಒಂದು ನಿಯಮ ಇದೆ.

ನಮ್ಮ ಕೈಯಲ್ಲಿ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ದುಡ್ಡು ಕೊಟ್ಟು ಪಡೆಯುವ ಪ್ರವಾಸವೂ ಸೇವೆಯೇ. ಸೇವೆಯಲ್ಲಿ ಕೊರತೆಯಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಬಸ್ಸಿನವರು ಯಾವ ಊರಿನವರೇ ಆಗಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ನಮಗೆ ಚಿಕ್ಕಮಗಳೂರು ಸಾಕು. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಿ ಮಾತಾಡಬಹುದು. ಆದರೆ ಎಲ್ಲಕ್ಕೂ ಬೇಕಾದದ್ದು ಒಂದು ಚೀಟಿ. ನಾವು ದುಡ್ಡು ಕೊಡುವುದು ಬಾಯಿ ಮಾತಿನ ಮೇಲೆ. ಪೋಸ್ಟರ್ ಬಿಟ್ಟರೆ ಕಾಗದ ಇಲ್ಲ. ಪೋಸ್ಟರಿನಲ್ಲಿ ನೀಲಿ ಆಕಾಶ ಬಿಟ್ಟರೆ ಮಾತಿಲ್ಲ.

ಅಡ್ವಾನ್ಸ್ ಕೊಡುವ ಮುನ್ನ ನಾಲ್ಕು ಸಾಲು

ಮುಂದಿನ ಸಲ ಸಂಘದ ದುಡ್ಡು ಕೊಡುವ ಮುನ್ನ ಈ ನಾಲ್ಕು ಸಾಲು ಬರೆಸಿಕೊಳ್ಳಿ. ವಾಟ್ಸಾಪಿನಲ್ಲಿ ಬರೆದರೂ ಆಯಿತು, ಆದರೆ ಬರಹದಲ್ಲಿರಲಿ.

ಒಂದು: ಹೋಗುವ ಜಿಲ್ಲೆಗೆ ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟಿದ್ದರೆ ಆ ದಿನ ಘಾಟಿ ಇಳಿಯುವುದಿಲ್ಲ. ದಿನಾಂಕ ಮುಂದೆ ಹಾಕಬೇಕು, ಮುಂಗಡ ಮುಳುಗಬಾರದು.

ಎರಡು: ಮಳೆ ಹಿಡಿದ ದಿನ ಕಡಲ ದಂಡೆ, ಜಲಪಾತ, ಗುಡ್ಡದ ಸ್ಥಳಗಳನ್ನು ಬಿಟ್ಟು ಛಾವಣಿ ಇರುವ ಸ್ಥಳಗಳಿಗೆ ಕರೆದೊಯ್ಯುತ್ತಾರೆ. ಆ ಸ್ಥಳಗಳ ಹೆಸರು ಮೊದಲೇ ಬರೆದಿರಬೇಕು. ಹಾಗೆ ಬದಲಾಯಿಸಿದ್ದಕ್ಕೆ ನಾವು ದುಡ್ಡು ವಾಪಸ್ ಕೇಳುವುದಿಲ್ಲ. ಈ ಕೊನೆಯ ವಾಕ್ಯ ಮುಖ್ಯ. ಏಜೆಂಟಿನ ಭಯ ಹೋಗುವುದು ಇದರಿಂದಲೇ.

ಮೂರು: ಮಧ್ಯಾಹ್ನ ಎರಡು ಗಂಟೆ ಒಂದು ಸೂರು. ಬಟ್ಟೆ ಬದಲಾಯಿಸಲು, ಊಟ ಮಾಡಲು, ವಯಸ್ಸಾದವರು ಕಾಲು ಚಾಚಲು. ಎರಡು ಗಂಟೆಗೊಮ್ಮೆ ಶೌಚಾಲಯ ಇರುವ ಕಡೆ ಬಸ್ಸು ನಿಲ್ಲಬೇಕು.

ನಾಲ್ಕು: ಸ್ಥಳ ಬಿಡುವ ತೀರ್ಮಾನ ಬಸ್ಸಿನಲ್ಲಿರುವ ಹೆಂಗಸರಲ್ಲಿ ಇಬ್ಬರದು. ಹೊರಡುವ ಮುಂಚೆಯೇ ಆ ಇಬ್ಬರನ್ನು ಸಂಘವೇ ಆರಿಸಲಿ. ಮುಂದಿನ ಸೀಟಿನ ದೊಡ್ಡ ದನಿಗೆ ಆ ಅಧಿಕಾರ ಬೇಡ.

ಹವಾಮಾನ ನೋಡುವುದು ಈಗ ಕಷ್ಟವಲ್ಲ. ಹವಾಮಾನ ಇಲಾಖೆಯ ‘ಮೌಸಮ್’ ಆ್ಯಪ್ ಇದೆ, ಸಿಡಿಲಿಗೆ ‘ದಾಮಿನಿ’ ಇದೆ. ರಾಜ್ಯದ ‘ವರುಣ ಮಿತ್ರ’ ಸಹಾಯವಾಣಿ 92433 45433 ನಮ್ಮ ರೈತರಿಗೆ ಹೊಸದೇನಲ್ಲ. ಬಿತ್ತನೆಗೆ ಮುಂಚೆ ಮಳೆ ಕೇಳುವ ನಾವು ಬಸ್ಸು ಹತ್ತುವ ಮುಂಚೆಯೂ ಕೇಳೋಣ. ಆಪತ್ತಿಗೆ 112, ಜಿಲ್ಲಾಡಳಿತದ ವಿಪತ್ತು ನಿಯಂತ್ರಣ ಕೊಠಡಿಗೆ 1077.

ಸರ್ಕಾರಕ್ಕೂ ಒಂದು ಮಾತು

ಹೆಂಗಸರು ಮನೆಯಿಂದ ಹೊರಗೆ ಬರಲಿ ಎಂದು ಬಸ್ಸು ಉಚಿತ ಮಾಡಿದ ಸರ್ಕಾರ ಒಳ್ಳೆಯ ಕೆಲಸ ಮಾಡಿದೆ. ಬಂದ ಹೆಂಗಸರು ಮಳೆಯಲ್ಲಿ ನಿಲ್ಲುವುದು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಬಾಕಿ ಇದೆ. ಪ್ರವಾಸಿಗರು ಹೆಚ್ಚು ಬರುವ ಕಡಲ ದಂಡೆ, ದೇವಸ್ಥಾನ, ಜಲಪಾತದ ಬಳಿ ಐವತ್ತು ಜನ ನಿಲ್ಲಬಹುದಾದ ಒಂದು ಮಾಡು, ಬಟ್ಟೆ ಬದಲಾಯಿಸುವ ಕೋಣೆ, ಬೀಗ ಹಾಕಿರದ ಶೌಚಾಲಯ. ಇದಕ್ಕೆ ಗಾಜಿನ ಸೇತುವೆ, ರೋಪ್‌ವೇಯಷ್ಟು ದುಡ್ಡು ಬೇಕಿಲ್ಲ. ಘಾಟಿ ಬಂದ್ ಆದ ಸುದ್ದಿ ಘಾಟಿಯ ಬಾಯಿಗೆ ಹೋದ ಮೇಲೆ ತಿಳಿದರೆ ಪ್ರಯೋಜನವಿಲ್ಲ. ಕಡೂರು, ಬೀರೂರು, ತರೀಕೆರೆ ಬಸ್‌ನಿಲ್ದಾಣದಲ್ಲೇ ಬೆಳಗಿನ ಬೋರ್ಡಿನಲ್ಲಿ ಅದನ್ನು ಬರೆಯಬೇಕು. ಕೆಂಪು ಎಚ್ಚರಿಕೆಯ ದಿನ ಪ್ರವಾಸದ ಬಾಡಿಗೆ ಬಸ್ಸುಗಳನ್ನು ಘಾಟಿಯ ಮೇಲೆಯೇ ತಡೆಯುವ ಅಧಿಕಾರ ಜಿಲ್ಲಾಡಳಿತಕ್ಕೆ ಇದೆ. ಬಳಸಲಿ.

ಶಾಲೆಗಳಿಗೂ ಇದೇ ಮಾತು. ಎಷ್ಟು ಸ್ಥಳ ನೋಡಿದೆವು ಎಂಬ ಪಟ್ಟಿಯನ್ನು ಪೋಷಕರಿಗೆ ತೋರಿಸುವ ಬದಲು, ನೀರಿನ ಬಳಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಹೆಸರು ತೋರಿಸಿ.

ಆಷಾಢ ಮತ್ತೆ ಬರುತ್ತದೆ, ಪೋಸ್ಟರ್ ಮತ್ತೆ ಬರುತ್ತದೆ. ಬಸ್ಸೂ ತುಂಬುತ್ತದೆ, ತುಂಬಲಿ. ನಮ್ಮ ಅವ್ವಂದಿರು ಕಡಲು ನೋಡಲಿ. ಆದರೆ ಮುಂಗಡದ ನೋಟು ಕೈ ಬಿಡುವ ಮುನ್ನ ನಿಮ್ಮ ಸಂಘದ ಯಾರಾದರೂ ಒಬ್ಬರು ಎದ್ದು ಕೇಳಬೇಕು: ‘ಮಳೆ ಹಿಡಿದರೆ ಏನಪ್ಪಾ ಮಾಡ್ತೀಯ?’ ಉತ್ತರ ಬರೆದು ಕೊಟ್ಟವರ ಬಸ್ಸು ಹತ್ತಿ. ಕೊಡದವರ ಬಸ್ಸು ಖಾಲಿ ಹೋಗಲಿ.